ಕೊಟ್ಟಿಗೆ ಕಾಯುವ ನಾಯಿಯನ್ನು ಬೆಳೆಸುವುದು ಹೇಗೆ?



ಚಿಕಿತ್ಸೆಗೆಂದು ಹಳ್ಳಿಗಳಿಗೆ ಬಂದಾಗ ಹಲವರು ಕೇಳುವ ಪ್ರಶ್ನೆಯೊಂದಿದೆ: "ಡಾಕ್ಟ್ರ, ಮುಧೋಳ ನಾಯಿಮರಿ ತಂದ್ರ ನಮ್ಮ ಕರುಗಳನ್ನ ಕಾಯ್ತೈತೇನ್ರಿ?" ಹೊಲದ ಮನೆಯಲ್ಲಿ ದನ ಕಟ್ಟುವವರಿಗೆ ಈ ಚಿಂತೆ ಸಹಜ. ನಮ್ಮ ಕೊಪ್ಪಳ ಜಿಲ್ಲೆಯ ಕುರುಚಲು ಗುಡ್ಡಗಳಲ್ಲಿ ತೋಳ, ಚಿರತೆಗಳಿವೆ. ಬೀದಿನಾಯಿಗಳ ಗುಂಪು ಎಳೆಗರುವಿನ ಮೇಲೆ ಬೀಳುವುದೂ ಉಂಟು. ಒಂದು ಹೆಣ್ಣುಗರು ಹೋದರೆ ನಾಳೆ ಹಾಲು ಕೊಡಬೇಕಾದ ಒಂದು ರಾಸು ಹೋದಂತೆ.

ನನ್ನ ಉತ್ತರ ಇಷ್ಟೇ: ತಳಿಯ ಹೆಸರು ಕೇಳಿ ನಾಯಿ ತರಬೇಡಿ. ಯಾವ ಕೆಲಸಕ್ಕೆ ಬೇಕು ಎಂಬುದನ್ನು ಮೊದಲು ತೀರ್ಮಾನಿಸಿ.

ಮುಧೋಳ ನಾಯಿಯ ಕೆಲಸವೇ ಬೇರೆ

ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ಈ ತಳಿ ನಮ್ಮ ನಾಡಿನ ಹೆಮ್ಮೆ. 2005ರಲ್ಲಿ ಇದರ ಚಿತ್ರವಿರುವ ಅಂಚೆಚೀಟಿ ಬಂದಿದೆ. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಉದ್ದ ಕಾಲು, ಆಳವಾದ ಎದೆ, ಕಿರಿದಾದ ತಲೆ, ಇವೆಲ್ಲ ಕಣ್ಣಿಗೆ ಬಿದ್ದ ಬೇಟೆಯನ್ನು ಓಡಿ ಹಿಡಿಯಲು ಇರುವ ಮೈಕಟ್ಟು. ಓಡುವ ಪ್ರಾಣಿಯನ್ನು ಬೆನ್ನಟ್ಟುವುದು ಅದರ ಹುಟ್ಟುಗುಣ. ಅಂಥ ನಾಯಿಯ ಮುಂದೆ ಕರು ಜಿಗಿದಾಡಿದರೆ ಅದನ್ನೂ ಬೆನ್ನಟ್ಟೀತು. ಸೇನೆಯವರು ಕೂಡ ಮುಧೋಳ ಮರಿಗಳನ್ನು ಮೀರತ್‌ಗೆ ಒಯ್ದು, ತರಬೇತಿ ಕೊಟ್ಟ ನಂತರವೇ ಕೆಲಸಕ್ಕೆ ಪರೀಕ್ಷಿಸಿದರು. ತಳಿಯಿಂದ ಶಕ್ತಿ ಬರುತ್ತದೆ, ಕೆಲಸವನ್ನು ನಾವು ಕಲಿಸಬೇಕು.

ಕುರಿಗಾಹಿಗಳನ್ನು ನೋಡಿ ಕಲಿಯೋಣ

ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ಹಿಂಡು ನಿಲ್ಲಿಸಿದಾಗ ಜೊತೆಗಿರುವ ನಾಯಿಗಳನ್ನು ಗಮನಿಸಿ. ಬಹುಪಾಲು ಸಾಮಾನ್ಯ ನಾಟಿ ನಾಯಿಗಳೇ. ಆದರೆ ಅವು ಮರಿಯಿದ್ದಾಗಿನಿಂದ ಹಿಂಡಿನಲ್ಲೇ ಬೆಳೆದಿವೆ. ರಾತ್ರಿ ತೋಳದ ವಾಸನೆ ಬಂದರೆ ಬೊಗಳಿ ಒಡೆಯನನ್ನು ಎಬ್ಬಿಸುತ್ತವೆ. ಓಡಿಸಿದ ಮೇಲೆ ಹಿಂಡಿಗೇ ಮರಳುತ್ತವೆ.

ಆಫ್ರಿಕಾದ ನಮೀಬಿಯಾ ದೇಶದಲ್ಲೂ 1994ರಿಂದ ಇದೇ ಉಪಾಯ ನಡೆದಿದೆ. ಅಲ್ಲಿ ಚೀತಾಗಳಿಂದ ಆಡು-ಕುರಿ ಉಳಿಸಿಕೊಳ್ಳಲು ಟರ್ಕಿ ಮೂಲದ ಕಾವಲು ನಾಯಿಮರಿಗಳನ್ನು ರೈತರಿಗೆ ಕೊಟ್ಟು, ಹಿಂಡಿನ ಜೊತೆಯಲ್ಲೇ ಬೆಳೆಸುತ್ತಾರೆ.

ಕೆಲಸದ ನಾಯಿಯ ಗುರುತು ಮೂರು. ಅದು ದನಕರುಗಳನ್ನು ಕಚ್ಚುವುದಿಲ್ಲ, ಬೆದರಿಸುವುದಿಲ್ಲ. ಅವನ್ನು ಬಿಟ್ಟು ಅಲೆಯಲು ಹೋಗುವುದಿಲ್ಲ. ಹೊಸದೇನಾದರೂ ಬಂದಾಗ ಮಾತ್ರ ಬೊಗಳುತ್ತದೆ. ಹಗಲೆಲ್ಲ ಸರಪಳಿಯಲ್ಲಿದ್ದು ಹೋಗಿಬರುವವರಿಗೆಲ್ಲ ಬೊಗಳುವ ನಾಯಿ ಈ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಗುರುತು ನಮಗೆ ಬಹಳ ಮುಖ್ಯ. ಹಿಂಡುವ ಹೊತ್ತಿಗೆ ನಾಯಿ ಕಾಲಡಿ ನುಗ್ಗಿ ಬೊಗಳಿದರೆ ಆಕಳು, ಎಮ್ಮೆ ಬೆದರಿ ತೊರೆ ಬಿಡುವುದಿಲ್ಲ. ಹಾಲು ಕೆಚ್ಚಲಲ್ಲೇ ಉಳಿಯುತ್ತದೆ, ಡೇರಿಯಲ್ಲಿ ನಿಮ್ಮ ಅಳತೆ ಕಡಿಮೆಯಾಗುತ್ತದೆ.

ಮರಿ ಬೆಳೆಸುವ ಕ್ರಮ

ಸುಮಾರು 2 ತಿಂಗಳ ಮರಿ ತನ್ನಿ. ಅದಕ್ಕೂ ಮೊದಲು ತಾಯಿಯಿಂದ ಬಿಡಿಸಬೇಡಿ. 4 ತಿಂಗಳಾಗುವವರೆಗಿನ ಕಾಲ ಬಹಳ ಮುಖ್ಯ, ಈ ವಯಸ್ಸಿನಲ್ಲಿ ಯಾರ ಜೊತೆ ಇರುತ್ತದೋ ಅವರನ್ನೇ ತನ್ನವರೆಂದು ತಿಳಿಯುತ್ತದೆ. ಮಲಗುವ ಜಾಗ, ಊಟ ಎರಡೂ ಕೊಟ್ಟಿಗೆಯ ಪಕ್ಕದಲ್ಲೇ ಇರಲಿ. ಎಮ್ಮೆ ಒದೆಯದಂತೆ ಮರಿಗೆ ಒಂದು ಮೂಲೆ ಮಾಡಿಕೊಡಿ. ಕರುವಿನ ಬಾಲ, ಕಿವಿ ಹಿಡಿದು ಆಡಿದರೆ ಮೊದಲ ಸಲವೇ ಗದರಿಸಿ ತಡೆಯಿರಿ, ಹೊಡೆಯಬೇಡಿ. ಆಜ್ಞೆ ಮಾಡುವವರು ಮನೆಯಲ್ಲಿ ಒಬ್ಬರೇ ಇರಲಿ. ದನದ ಕೆಲಸ ಮಾಡುವ ನೀವೇ ಆದರೆ ಒಳ್ಳೆಯದು. ಪೂರಾ ಕಾವಲಿಗೆ ಒಂದೂವರೆ-ಎರಡು ವರ್ಷ ಬೇಕು. ಅಲ್ಲಿಯವರೆಗೆ ಕರುಗಳನ್ನು ರಾತ್ರಿ ಒಳಗೇ ಕಟ್ಟಿ.

ನಾಯಿಗೆ ನಾವು ಕೊಡಬೇಕಾದದ್ದು

ರೊಟ್ಟಿ, ಮಜ್ಜಿಗೆ ಅಷ್ಟೇ ಸಾಲದು. ಬೇಳೆ, ಮೊಟ್ಟೆ ಅಥವಾ ಬೇಯಿಸಿದ ಮಾಂಸವೂ ಬೇಕು. ಮರಿಗೆ 3 ತಿಂಗಳಾದಾಗ ರೇಬೀಸ್ ಲಸಿಕೆ, ಆಮೇಲೆ ಪ್ರತಿ ವರ್ಷ ತಪ್ಪದೆ ಹಾಕಿಸಿ. ದೊಡ್ಡದಾದ ಮೇಲೆ 3 ತಿಂಗಳಿಗೊಮ್ಮೆ ಜಂತುಹುಳುವಿನ ಔಷಧಿ ಕೊಡಿಸಿ. ಸಂತಾನಹರಣ ಮಾಡಿಸಿದರೆ ಅಲೆದಾಟ ಕಡಿಮೆಯಾಗುತ್ತದೆ, ಕಾವಲಿಗೆ ಕುಂದಿಲ್ಲ.

ಆಕಳು, ಎಮ್ಮೆ ಈದಾಗ ಬಿದ್ದ ಕಸವನ್ನು (ಮಾಸನ್ನು) ನಾಯಿಗೆ ಹಾಕಬೇಡಿ, ಆಳವಾಗಿ ಹೂಳಿ. ಕಸ ತಿಂದ ನಾಯಿ ಮೇವಿನ ಮೇಲೆ ಮಲ ಹಾಕಿದರೆ, ಆ ಮೇವಿನಿಂದ ರಾಸುಗಳಲ್ಲಿ ಗರ್ಭಪಾತ ತರುವ ರೋಗಾಣು ಹರಡಬಹುದು. ಬಣವಿಯ ಮೇಲೆ ನಾಯಿ ಮಲಗಲು ಬಿಡಬೇಡಿ.

ಹುಚ್ಚುನಾಯಿ ಅಥವಾ ಗುರುತಿಲ್ಲದ ನಾಯಿ ರಾಸನ್ನು ಕಚ್ಚಿದರೆ, ಕೈಗೆ ಗ್ಲೌಸ್ ಹಾಕಿಕೊಂಡು ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ ಹಚ್ಚಬೇಡಿ. ಅಂದೇ ಲಸಿಕೆ ಶುರು ಮಾಡಿಸಿ. ರೋಗದ ಲಕ್ಷಣ ಕಂಡ ಮೇಲೆ ಚಿಕಿತ್ಸೆಯೇ ಇಲ್ಲ. ರಾಸು ಜೊಲ್ಲು ಸುರಿಸುತ್ತಾ, ಒಡಕು ದನಿಯಲ್ಲಿ ಕೂಗುತ್ತಾ, ನುಂಗಲು ಕಷ್ಟಪಡುತ್ತಿದ್ದರೆ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಬೇಡಿ. ಆ ಹಾಲನ್ನು ಕುಡಿಯಬೇಡಿ, ಡೇರಿಗೂ ಹಾಕಬೇಡಿ. ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ ಅಥವಾ 1962ಕ್ಕೆ ಕರೆ ಮಾಡಿ. ಜೊಲ್ಲು ತಾಗಿದವರು ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ವೈದ್ಯರಿಗೆ ತೋರಿಸಬೇಕು.

ದುಡ್ಡು ಕೊಟ್ಟು ದೊಡ್ಡ ತಳಿಯ ಮರಿ ತರಲೇಬೇಕೆಂದಿಲ್ಲ. ನಿಮ್ಮೂರಿನ ಕುರಿಗಾಹಿಗಳ ನಾಯಿ ಮರಿ ಹಾಕಿದಾಗ ಒಂದು ಕೇಳಿ ತನ್ನಿ. ಮುಂದಿನ ಸಲ ನಾವು ಊರಿಗೆ ಬಂದಾಗ ಆಕಳಿನ ಜೊತೆ ಅದನ್ನೂ ತೋರಿಸಿ, ಲಸಿಕೆಯ ದಿನ ಬರೆದುಕೊಡುತ್ತೇವೆ.