ಗೆಳೆಯರು ಬಳಿದ ಗೋಡೆ

ಮೇ ತಿಂಗಳ ಶಿವಮೊಗ್ಗ. ಬೆಳಿಗ್ಗೆ ಎಂಟಕ್ಕೇ ಬಿಸಿಲು ಬಲಿತಿದೆ. ಊರಾಚೆಯ ಹೊಸ ಬಡಾವಣೆಯಲ್ಲಿ ಅಲ್ಲೊಂದು ಇಲ್ಲೊಂದು ಮನೆ, ನಡುವೆ ಖಾಲಿ ಸೈಟುಗಳ ಕೆಂಪು ಮಣ್ಣು. ಒಂದು ಮನೆಯ ಮುಂದೆ ಮಾತ್ರ ಸಾಲಾಗಿ ಬೈಕು ನಿಂತಿವೆ, ಹೊಸಿಲಾಚೆ ಚಪ್ಪಲಿಗಳ ರಾಶಿ. ಒಳಗಿನಿಂದ ಎಡೆಬಿಡದೆ ಕೇಳಿಬರುತ್ತಿರುವುದು ಪುಟ್ಟಿ ಹಚ್ಚಿ ಒಣಗಿಸಿದ ಗೋಡೆಗೆ ಎಮರಿ ಪೇಪರ್ ತಿಕ್ಕುವ ಸರಸರ ಸದ್ದು.

ಮನೆಯ ಯಜಮಾನ ಹೈಸ್ಕೂಲು ಮೇಷ್ಟ್ರು, ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಟೈಲ್ಸ್ ಮುಗಿಯುವಷ್ಟರಲ್ಲಿ ಸಾಲದ ಹಣವೂ ತಳ ಕಂಡಿತ್ತು. ಬಣ್ಣದ ಕೆಲಸಕ್ಕೆ ಚದರಡಿ ಲೆಕ್ಕದಲ್ಲಿ ಕೂಲಿ ಕೇಳಿದ ಮೇಲೆ ಇಬ್ಬರೂ ಕೂತು ಒಂದು ತೀರ್ಮಾನಕ್ಕೆ ಬಂದರು. ಸಾರ್ವೆ ಕಟ್ಟಿ ಎತ್ತರಕ್ಕೆ ಹತ್ತಬೇಕಾದ ಹೊರಗೋಡೆ ಕೆಲಸಗಾರರಿಗೆ, ಒಳಗಿನದು ನಮಗೆ. ‘ನಮಗೆ’ ಅಂದರೆ ಕಾಲೇಜಿನ ದಿನಗಳಿಂದ ಜೊತೆಯಾಗಿರುವ ನಮ್ಮ ಗುಂಪಿಗೆ. ಬ್ಯಾಂಕಿನವನು, ಅಡಿಕೆ ತೋಟದವನು, ಸಾಗರದಿಂದ ಬೆಳಗಿನ ಬಸ್ಸಿಗೆ ಬಂದಿಳಿದ ಗೆಳತಿ, ಆಸ್ಪತ್ರೆಯ ಇನ್ನಿಬ್ಬರು ಸಿಸ್ಟರ್‌ಗಳು, ನಾನು.

ಗಾರೆ ಮುಗಿದ ಮೇಲೆ ಗೋಡೆಯನ್ನು ಒಂದು ತಿಂಗಳು ಸುಮ್ಮನೆ ಬಿಟ್ಟಿದ್ದರು. ಬಿಡಲೇಬೇಕು. ಹಸಿ ಸಿಮೆಂಟಿನಲ್ಲಿ ಕ್ಷಾರ ಹೆಚ್ಚು, ಒಳಗೆ ನೀರಿನಂಶವೂ ಇರುತ್ತದೆ. ಅವಸರಪಟ್ಟು ಮೇಲೆ ಬಣ್ಣ ಹಚ್ಚಿದರೆ ಅದು ಗುಳ್ಳೆಯೆದ್ದು, ಮಾಸಲಾಗಿ, ಆಮೇಲೆ ಸಿಪ್ಪೆಸಿಪ್ಪೆಯಾಗಿ ಏಳುತ್ತದೆ. ಹಾಗಂತ ಜೂನ್ ತನಕ ಕಾಯುವ ಹಾಗೂ ಇಲ್ಲ. ಮೃಗಶಿರಾ ಮಳೆ ಹಿಡಿದುಬಿಟ್ಟರೆ ಮಲೆನಾಡಿನಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಗೋಡೆಯ ಮಾತೆಲ್ಲಿ!

ಬಣ್ಣ ಬಳಿಯೋಣ ಬನ್ನಿ ಎಂದರೆ ಯಾರು ಬೇಕಾದರೂ ಉತ್ಸಾಹದಿಂದ ಬಂದಾರು. ಗೋಡೆ ಉಜ್ಜಲು ಬರುವವರು ಬೇರೆ. ಅದರಲ್ಲಿ ಕಣ್ಣಿಗೆ ಕಾಣುವ ಚೆಲುವೇನೂ ಇಲ್ಲ. ಮೂಗು ಬಾಯಿಗೆ ಮಾಸ್ಕ್, ತಲೆಗೆ ಟವೆಲ್ಲು. ಬಿಳಿ ಪುಡಿ ರೆಪ್ಪೆಯ ಮೇಲೆ, ಕಿವಿಯ ಸಂದಿಯಲ್ಲಿ, ಮುಚ್ಚಿಟ್ಟ ನೀರಿನ ಬಾಟಲಿಯ ಮುಚ್ಚಳದ ಮೇಲೆ. ತೋಳು ಸೋತಾಗ ಕೈ ಬದಲಿಸಬೇಕು, ಇನ್ನೊಂದು ತೋಳೂ ಸೋತಾಗ ಮತ್ತೆ ಮೊದಲಿನದೇ. ಬ್ಯಾಂಕಿನವನು ವೈರಿನ ತುದಿಗೆ ಬಲ್ಬು ಸಿಕ್ಕಿಸಿ ಗೋಡೆಗೆ ಒತ್ತಿ ಅಡ್ಡಡ್ಡ ಹಿಡಿಯುತ್ತಾನೆ. ಅಂಗೈಗೆ ನುಣುಪೆನಿಸಿದ್ದ ಗೋಡೆ ಆ ಓರೆ ಬೆಳಕಿಗೆ ತನ್ನ ಉಬ್ಬುತಗ್ಗು, ಕರಣೆಯ ಗೀರು ಎಲ್ಲವನ್ನೂ ಬಿಟ್ಟುಕೊಡುತ್ತದೆ. ‘ಇಲ್ಲೊಂಚೂರು ಉಂಟು ನೋಡು ಮಾರಾಯ’ ಎನ್ನುತ್ತಾನೆ ತೋಟದವನು. ಮತ್ತೆ ಸರಸರ. ಯಾರೂ ಗೊಣಗುವುದಿಲ್ಲ. ಇದು ಸಾಲದ ಲೆಕ್ಕಕ್ಕೆ ಬರುವ ಶ್ರಮವಲ್ಲ. ಇನ್ನೊಬ್ಬರ ಮನೆಯ ಗೋಡೆ ನುಣ್ಣಗಿರಲಿ ಎಂದು ತನ್ನ ಭುಜ ನೋಯಿಸಿಕೊಳ್ಳುವವರನ್ನು ನೋಡುತ್ತ ನಿಂತರೆ ನನಗೆ ಗಂಟಲು ತುಂಬಿ ಬರುತ್ತದೆ.

ಉಜ್ಜಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ಕೋಟು ಪ್ರೈಮರ್ ಹೊಡೆದು, ಆ ಭಾನುವಾರ ಎದ್ದೆವು.

ಮುಂದಿನ ಭಾನುವಾರ ಬಣ್ಣ. ಮೇಷ್ಟ್ರು ಹಾಳೆಯ ಮೇಲೆ ಲೆಕ್ಕ ಬರೆದಿಟ್ಟಿದ್ದಾರೆ. 10 ಅಡಿಗೆ 12 ಅಡಿಯ ಕೋಣೆ, 10 ಅಡಿ ಎತ್ತರ. ನಾಲ್ಕೂ ಗೋಡೆ ಸೇರಿ 440 ಚದರಡಿ. ಬಾಗಿಲು ಕಿಟಕಿ ಕಳೆದರೆ 390ರ ಆಸುಪಾಸು. ಎರಡು ಕೋಟಿಗೆ ಲೀಟರಿಗೆ 60 ಚದರಡಿ ಎಂದು ಹಿಡಿದರೆ ಆರೂವರೆ ಲೀಟರ್ ಬೇಕು. ಅಂಗಡಿಯವರು ಬಿಳಿ ಬೇಸಿಗೆ ಮಷಿನ್ನಿನಿಂದ ತೊಟ್ಟುತೊಟ್ಟು ವರ್ಣ ಬೀಳಿಸಿ, ಡಬ್ಬ ಅಲುಗಾಡಿಸಿ, ಮುಚ್ಚಳದ ಮೇಲೆ ಶೇಡ್ ನಂಬರ್ ಅಂಟಿಸಿ ಕೊಟ್ಟಿದ್ದಾರೆ. ನರ್ಸಮ್ಮ ಮಾತ್ರ ಬಣ್ಣಕ್ಕಿಂತ ಮೊದಲು ಡಬ್ಬದ ಮೇಲಿನ ಸಣ್ಣಕ್ಷರ ಓದುತ್ತಾರೆ. ಮನೆಯಲ್ಲಿ ಅಂಬೆಗಾಲಿಡುವ ಮಗುವಿದೆ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ದಾಟಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ತಂದಿದೆ. ಸೀಸ ಮಕ್ಕಳ ಮಿದುಳಿಗೆ ಮಾಡುವ ಕೇಡು ತಿಳಿದವರಿಗೆ ಆ ಸಣ್ಣಕ್ಷರ ಸಣ್ಣದಲ್ಲ.

ಪಕ್ಕದ ಮನೆಯ ಕೆಲಸಕ್ಕೆ ಬಂದಿದ್ದ ಪೇಂಟಿಂಗ್ ಮೇಸ್ತ್ರಿ ಕಿಟಕಿಯಲ್ಲಿ ಇಣುಕಿ ಹೇಳಿದರು: ‘ಸಾರ್, ಒಂದೊಂದೇ ಡಬ್ಬ ಒಡೆದು ಹೊಡೀಬೇಡಿ. ಎಲ್ಲ ಒಂದೇ ಬಕೆಟ್‌ಗೆ ಸುರಿದು ಕಲಸ್ಕೊಳ್ಳಿ. ಇಲ್ಲಾಂದ್ರೆ ಗೋಡೆ ಗೋಡೆಗೂ ವ್ಯತ್ಯಾಸ ಬರುತ್ತೆ.’ ಹೇಳಿದ್ದಷ್ಟೇ ಅಲ್ಲ, ಒಳಗೆ ಬಂದು ರೋಲರ್ ಹಿಡಿದು ತೋರಿಸಿದರು. ಮೊದಲು ಬ್ರಶ್ಶಿನಲ್ಲಿ ಮೂಲೆ, ಅಂಚು, ಸ್ವಿಚ್‌ಬೋರ್ಡಿನ ಸುತ್ತ. ಆಮೇಲೆ ರೋಲರ್ ಮೇಲಿನಿಂದ ಕೆಳಕ್ಕೆ, ಹಿಂದಿನ ಪಟ್ಟೆ ಆರುವ ಮುಂಚೆ ಮುಂದಿನದು ಅದರ ಮೇಲೆ ಹಾಯಬೇಕು. ಆ ಮಣಿಕಟ್ಟಿನ ಸಲೀಸು ನಮ್ಮ ಯಾರಿಗೂ ಬರಲಿಲ್ಲ. ಅವರಿಗೆ ಚಹಾ ಕೊಟ್ಟು, ನಿಂತು ನೋಡಿ ಕಲಿತೆವು.

ಮೇಷ್ಟ್ರ ತಾಯಿ ಹಾಲಿನ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಲ್ಲ ನೋಡುತ್ತಿದ್ದಾರೆ. ಅವರ ಕಾಲದ ಸುಣ್ಣದ ಮಾತು ತೆಗೆದರೆ ಕೇಳುತ್ತಲೇ ಇರಬೇಕು. ಹಂಡೆಯಲ್ಲಿ ಸುಟ್ಟ ಸುಣ್ಣದ ಕಲ್ಲು ಹಾಕಿ ನೀರು ಹೊಯ್ದರೆ ಬೆಂಕಿಯಿಲ್ಲದೆ ಕೊತಕೊತ ಕುದಿಯುತ್ತಿತ್ತಂತೆ. ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಮಜ್ಜಿಗೆಯ ಹದಕ್ಕೆ ತಂದು, ಅಂಟು ಬೆರೆಸಿ, ಬಿಳುಪು ಹೊಳೆಯಲೆಂದು ಒಂದಿಷ್ಟು ನೀಲಿ. ‘ಹಚ್ಚುವಾಗ ಏನೂ ಕಾಣ್ತಿರಲಿಲ್ಲ ಮಗಾ, ಒಣಗಿದ ಮೇಲೇ ಬೆಳ್ಳಗಾಗ್ತಿತ್ತು’ ಎನ್ನುತ್ತಾರೆ. ನಿಜ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾಗಿ ಗೋಡೆಯ ಮೇಲೆ ಗಟ್ಟಿಯಾಗುತ್ತದೆ. ದೀಪಾವಳಿ, ಮದುವೆ ಬಂತೆಂದರೆ ಕೇರಿಯವರೇ ಒಬ್ಬರ ಮನೆಯಾದ ಮೇಲೆ ಇನ್ನೊಬ್ಬರ ಮನೆ ಎಂದು ಬಳಿದು ಮುಗಿಸುತ್ತಿದ್ದರಂತೆ.

ಊಟಕ್ಕೆ ಚಿತ್ರಾನ್ನ, ಮೊಸರನ್ನ, ಅಪ್ಪೆಮಿಡಿ ಉಪ್ಪಿನಕಾಯಿ. ಮೊಣಕೈ ತನಕ ಬಣ್ಣವಿದ್ದ ಕೈ ತಿಕ್ಕಿ ತೊಳೆದು, ಹಾಸಿದ ಹಳೆ ಪೇಪರಿನ ಮೇಲೆ ಕೂತು ಉಂಡೆವು. ಎರಡನೇ ಕೋಟಿಗೆ ನಾಲ್ಕು ತಾಸು ಬಿಡಬೇಕಿತ್ತು. ಆ ಬಿಡುವಿನಲ್ಲಿ ಸಾಗರದ ಗೆಳತಿ ದೇವರ ಕೋಣೆಯ ಬಾಗಿಲ ಪಕ್ಕಕ್ಕೆ ಹೋದಳು. ಅಲ್ಲೊಂದು ಚೌಕಕ್ಕೆ ಹಿಂದಿನ ವಾರವೇ ಕೆಮ್ಮಣ್ಣಿನ ಬಣ್ಣ ಬಳಿದಿಟ್ಟಿದ್ದರು. ಅವಳು ದೀವರ ಮನೆಯ ಹುಡುಗಿ; ಹಸೆ ಚಿತ್ತಾರ ಅಜ್ಜಿಯಿಂದ ಕೈಗೆ ಬಂದದ್ದು. ಮದುವೆ ಮನೆಯ ಕೆಮ್ಮಣ್ಣಿನ ಗೋಡೆಗೆ ನೆನೆಸಿ ಅರೆದ ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಕುಂಚ ಪುಂಡಿ ನಾರಿನದು. ಇಂದು ಬಿಳಿಗೆ ಡಬ್ಬದ ಬಣ್ಣ. ನಾರಿನ ಕುಂಚ ಮಾತ್ರ ಊರಿನಿಂದಲೇ ಬಂದದ್ದು. ಸ್ಕೇಲಿಲ್ಲ, ಪೆನ್ಸಿಲ್ ಗುರುತಿಲ್ಲ. ಉಸಿರು ಬಿಗಿಹಿಡಿದು ಒಂದು ಗೆರೆ, ಅದರ ಪಕ್ಕ ಕೂದಲೆಳೆ ಬಿಟ್ಟು ಇನ್ನೊಂದು. ಅಮ್ಮ ಕುರ್ಚಿಯನ್ನೇ ಅತ್ತ ತಿರುಗಿಸಿಕೊಂಡರು. ಮನೆಯಲ್ಲಿ ಎಷ್ಟು ದುಡ್ಡಿನ ಬಣ್ಣವಿದ್ದರೂ ಕಣ್ಣು ಮೊದಲು ಹೋಗುವುದು ಆ ಚೌಕಕ್ಕೇ ಎಂದು ನನಗೆ ಆಗಲೇ ಅನ್ನಿಸಿತು.

ಸಂಜೆ ಎರಡನೇ ಕೋಟೂ ಮುಗಿದು ಲೈಟು ಹಾಕಿದರೆ ಹಾಲಿನ ತಿಳಿಹಸಿರು ಬೇರೆಯೇ ಆಗಿ ನಿಂತಿತು. ಹಗಲಿಗೆ ಎಳೆ ಭತ್ತದ ಹಸಿರಾಗಿದ್ದದ್ದು ಹಳದಿ ಬಲ್ಬಿಗೆ ಮಣ್ಣು ಮಣ್ಣಾಗಿತ್ತು. ‘ಬಲ್ಬು ಬಿಳಿದು ಹಾಕಿದ್ರೆ ಸರಿಹೋಗುತ್ತೆ’ ಎಂದ ಬ್ಯಾಂಕಿನವನು. ‘ಹೀಗೇ ಚೆನ್ನಾಗುಂಟು’ ಎಂದ ತೋಟದವನು. ಸಿಸ್ಟರ್‌ಗಳಲ್ಲಿ ಒಬ್ಬೊಬ್ಬರು ಒಂದೊಂದು ಕಡೆ. ವಾದ ನಡೆದೇ ಇತ್ತು, ಮೇಷ್ಟ್ರು ಉಳಿದ ಬಣ್ಣವನ್ನು ಸಣ್ಣ ಡಬ್ಬಕ್ಕೆ ಸುರಿದು, ಮುಚ್ಚಳ ಬಡಿದು, ಶೇಡ್ ನಂಬರ್ ಬರೆಯುತ್ತಿದ್ದರು. ಅಷ್ಟರಲ್ಲಿ ನರ್ಸಮ್ಮ ಸೊಂಟಕ್ಕೆ ಮಗುವನ್ನೆತ್ತಿಕೊಂಡು ಬಂದು, ‘ಎರಡು ಥರದ್ದೂ ಬಲ್ಬು ತಂದಿದ್ದೀನಿ, ಎರಡೂ ಹಾಕಿ ನೋಡೋಣ. ಏಣಿ ತನ್ನಿ’ ಎಂದರು.