ಲಾಕ್ ಬಿಡಿಸುವವರು

ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ‘ಚಿಪ್ ಲೆವೆಲ್ ಸರ್ವೀಸ್’ ಎಂಬ ಬೋರ್ಡು ಕಂಡರೆ, ಅಲ್ಲಿ ಬರೀ ಕೀಬೋರ್ಡ್ ಬದಲಿಸಿಕೊಡುವವರಲ್ಲ, ಮದರ್‌ಬೋರ್ಡಿಗೇ ಕೈಹಾಕುವವರು ಕೂತಿದ್ದಾರೆ ಎಂದರ್ಥ. ಟೌನ್‌ಹಾಲ್‌ನಿಂದ ನಡೆದೇ ಹೋಗಬಹುದಾದ ಈ ಸಾದರ್ ಪತ್ರಪ್ಪ ರಸ್ತೆಗೆ, ಕಂಪನಿಗಳು ನಾಲ್ಕಾರು ವರ್ಷ ದುಡಿಸಿಕೊಂಡು ಲಾಟ್ ಲೆಕ್ಕದಲ್ಲಿ ಮಾರಿದ ಲ್ಯಾಪ್‌ಟಾಪುಗಳು ಬಂದು ಬೀಳುತ್ತವೆ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್. ಎಲ್ಲ ಗಟ್ಟಿಮುಟ್ಟು ಮಾಲು. ಕೆಲವು ಮಾತ್ರ ಆನ್ ಮಾಡಿದ ಕೂಡಲೇ ಪಾಸ್‌ವರ್ಡ್ ಕೇಳಿ ಅಲ್ಲೇ ನಿಂತುಬಿಡುತ್ತವೆ. ಅದನ್ನು ಹಾಕಿದ ಐಟಿ ವಿಭಾಗದವರು ಕೆಲಸ ಬಿಟ್ಟು ಎಷ್ಟು ಕಾಲವಾಯಿತೋ! ಇಂಥ ‘ಲಾಕ್ ಪೀಸ್’ಗಳನ್ನು ಮತ್ತೆ ಬಳಕೆಗೆ ತರುವುದು ಇಲ್ಲಿನ ಒಂದು ಕಸುಬು.

ಬೀಗ ಯಾವ ಜಾಗದಲ್ಲಿದೆ ಎಂದು ಪತ್ತೆಮಾಡುವುದೇ ಮೊದಲ ಕೆಲಸ. ವಿಂಡೋಸ್ ಪಾಸ್‌ವರ್ಡ್ ಅನ್ನು ಇವರು ಲಾಕ್ ಲೆಕ್ಕಕ್ಕೇ ಹಿಡಿಯುವುದಿಲ್ಲ. ಪೆನ್‌ಡ್ರೈವ್ ಹಾಕಿ ಫಾರ್ಮ್ಯಾಟ್ ಹೊಡೆದರೆ ಮುಗಿಯಿತು. ಡಿಸ್ಕಿಗೆ ಬಿಟ್‌ಲಾಕರ್ ಹಾಕಿದ್ದರೆ 48 ಅಂಕಿಯ ರಿಕವರಿ ಕೀ ಇಲ್ಲದೆ ಒಳಗಿನ ಫೈಲುಗಳು ಸಿಗುವುದಿಲ್ಲ, ಆದರೆ ಎಲ್ಲ ಅಳಿಸಿ ಹೊಸದಾಗಿ ಓಎಸ್ ಹಾಕಲು ಅಡ್ಡಿಯಿಲ್ಲ. ಹಳೇ ಮಾಲೀಕರ ಫೈಲು ಕೊಳ್ಳುವವರಿಗೆ ಬೇಕಾಗಿಯೂ ಇಲ್ಲ. ತಲೆನೋವು ಶುರುವಾಗುವುದು, ಓಎಸ್‌ಗಿಂತ ಮೊದಲೇ ಎದ್ದು ಯಂತ್ರವನ್ನು ಎಬ್ಬಿಸುವ ಬಯಾಸ್‌ನ ಪಾಸ್‌ವರ್ಡಿನಿಂದ.

1984ರಲ್ಲಿ ಐಬಿಎಂ ತಂದ ಪಿಸಿ ಎಟಿಯಲ್ಲಿ ಗಡಿಯಾರಕ್ಕೂ ಸೆಟ್ಟಿಂಗ್‌ಗಳಿಗೂ ಸೇರಿ, ಬ್ಯಾಟರಿಯ ಮೇಲೆ ಬದುಕುವ 64 ಬೈಟ್‌ಗಳ ಮೆಮೊರಿ ಇತ್ತು. ಆಮೇಲೆ ಬಂದ ಡೆಸ್ಕ್‌ಟಾಪುಗಳು ಪಾಸ್‌ವರ್ಡನ್ನೂ ಅಂಥದೇ ಜಾಗದಲ್ಲಿ ಇಟ್ಟುಕೊಂಡವು. ಹಾಗಾಗಿ ಮದರ್‌ಬೋರ್ಡಿನ ಸಿಆರ್ 2032 ಬಿಲ್ಲೆ ಬ್ಯಾಟರಿಯನ್ನು ಕಿತ್ತು ಸ್ವಲ್ಪ ಹೊತ್ತು ಬಿಟ್ಟರೆ, ಇಲ್ಲವೇ ಪಕ್ಕದ ಜಂಪರ್ ಸರಿಸಿದರೆ, ಯಂತ್ರ ಪಾಸ್‌ವರ್ಡನ್ನೂ ಮರೆಯುತ್ತಿತ್ತು, ತಾರೀಖನ್ನೂ ಮರೆಯುತ್ತಿತ್ತು. ಯೂಟ್ಯೂಬ್ ನೋಡಿ ಲ್ಯಾಪ್‌ಟಾಪಿನಲ್ಲೂ ಇದನ್ನೇ ಮಾಡಿ, ಸ್ಕ್ರೂ ಕಳೆದುಕೊಂಡು ಅಂಗಡಿಗೆ ಬರುವವರುಂಟು. ಲ್ಯಾಪ್‌ಟಾಪ್ ತಯಾರಕರು ಎಂದೋ ಹುಷಾರಾಗಿ, ಕರೆಂಟಿಲ್ಲದೆಯೂ ನೆನಪಿಟ್ಟುಕೊಳ್ಳುವ ಚಿಪ್‌ಗೆ ಪಾಸ್‌ವರ್ಡನ್ನು ಸಾಗಿಸಿದ್ದರು. ಥಿಂಕ್‌ಪ್ಯಾಡಿನ ಸೂಪರ್‌ವೈಸರ್ ಪಾಸ್‌ವರ್ಡ್ ಮರೆತರೆ ಕಂಪನಿಯ ಅಧಿಕೃತ ಉತ್ತರ ಒಂದೇ: ಬೋರ್ಡ್ ಬದಲಿಸಿ. ಸೆಕೆಂಡ್‌ಹ್ಯಾಂಡ್ ಮಾಲಿಗೆ ಹೊಸ ಬೋರ್ಡ್ ಹಾಕಿಸುವಷ್ಟು ದುಡ್ಡಿದ್ದವರು ಸೆಕೆಂಡ್‌ಹ್ಯಾಂಡ್ ಯಾಕೆ ಕೊಳ್ಳುತ್ತಾರೆ?

ಎಸ್‌.ಪಿ. ರೋಡಿನ ಉತ್ತರ ಬೇರೆ. ತಳದ ಮುಚ್ಚಳ ಬಿಚ್ಚಿ, ಬ್ಯಾಟರಿಯ ವೈರು ಕಿತ್ತು, ಲ್ಯಾಂಪಿನ ಕೆಳಗೆ ಎಂಟು ಕಾಲಿನ ಒಂದು ಚಿಪ್ ಹುಡುಕುತ್ತಾರೆ. ಕಿರುಬೆರಳ ಉಗುರಿಗಿಂತ ಚಿಕ್ಕದು, ಮೈಮೇಲಿನ ನಂಬರನ್ನು ಭೂತಗನ್ನಡಿ ಇಟ್ಟೇ ಓದಬೇಕು. ಓದದೆ ಮುಂದೆ ಹೋಗುವಂತಿಲ್ಲ: ಕೆಲವು 3.3 ವೋಲ್ಟಿನವು, ಹಲವು ಹೊಸವು 1.8 ವೋಲ್ಟಿನವು, ಅದಲುಬದಲಾದರೆ ಚಿಪ್ ಸುಟ್ಟೇಹೋದೀತು. ನಂತರ ಕ್ಲಿಪ್ ಕಚ್ಚಿಸಿ, ಸಿಎಚ್‌341ಎ ಎಂಬ ಅಗ್ಗದ ಪ್ರೋಗ್ರಾಮರ್ ಮೂಲಕ ಚಿಪ್ಪಿನೊಳಗಿನದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾರೆ. ಅನುಭವಸ್ಥರು ಎರಡು ಸಲ ಓದಿ ತಾಳೆ ನೋಡುತ್ತಾರೆ. ಕ್ಲಿಪ್ಪಿನ ಒಂದು ಹಲ್ಲು ಸಡಿಲವಿದ್ದರೂ ಓದಿದ್ದೆಲ್ಲ ಕಸ. ಮೂಲ ಪ್ರತಿಯನ್ನು ಜೋಪಾನವಾಗಿಟ್ಟು, ಪಾಸ್‌ವರ್ಡ್ ಇರುವ ಭಾಗವನ್ನಷ್ಟೇ ತಿದ್ದಿ, ವಾಪಸ್ ಬರೆಯುತ್ತಾರೆ. ಅದೇ ಮಾಡೆಲ್‌ನ ಬೇರೊಂದು ಲ್ಯಾಪ್‌ಟಾಪಿನ ಫೈಲನ್ನು ತಂದು ಸುರಿಯುವ ಅವಸರದವರೂ ಇದ್ದಾರೆ. ಲಾಕ್ ಹೋಗುತ್ತದೆ ನಿಜ, ಜೊತೆಗೆ ಸೀರಿಯಲ್ ನಂಬರ್, ವಿಂಡೋಸ್ ಲೈಸೆನ್ಸ್ ಕೀ ಎಲ್ಲ ಪರರದ್ದಾಗುತ್ತದೆ. ಇದನ್ನು ರಿಪೇರಿ ಎನ್ನಲು ನನಗೆ ಮನಸ್ಸಿಲ್ಲ.

ಇಷ್ಟೆಲ್ಲ ಕೈಚಳಕವೂ ಈಗ ಸೋಲುವ ಜಾಗವೊಂದಿದೆ. ಹೊಸ ಬೀಗ ಲ್ಯಾಪ್‌ಟಾಪಿನೊಳಗೆ ಇರುವುದೇ ಇಲ್ಲ. ಕಂಪನಿಯೊಂದು ತನ್ನ ಯಂತ್ರಗಳನ್ನು ಮೈಕ್ರೋಸಾಫ್ಟ್‌ನ ಆಟೊಪೈಲಟ್‌ನಲ್ಲಿ ನೋಂದಾಯಿಸಿದ್ದರೆ, ಹೊಸ ಡಿಸ್ಕ್ ಹಾಕಿ ವಿಂಡೋಸ್ ತುಂಬಿದರೂ ಇಂಟರ್‌ನೆಟ್ ಸಿಕ್ಕೊಡನೆ ಹಳೇ ಕಂಪನಿಯ ಹೆಸರು ಮೂಡಿ, ಅಲ್ಲಿನ ಇಮೇಲ್ ಕೇಳುತ್ತದೆ. 2018ರಿಂದೀಚಿನ ಬಹುತೇಕ ಮ್ಯಾಕ್‌ಬುಕ್‌ಗಳಲ್ಲಿ ಆಕ್ಟಿವೇಶನ್ ಲಾಕ್ ಇದ್ದರೆ ಹಳೇ ಮಾಲೀಕರ ಆ್ಯಪಲ್ ಐಡಿಯೇ ಬೇಕು. ಕಳ್ಳನಿಗೆ ಹಾಕಿದ ಬೀಗ ಸರಿಯೇ. ಆದರೆ ಬಿಲ್ ಸಮೇತ ಲಾಟ್ ಮಾರಿದ ಕಂಪನಿ ತನ್ನ ಪಟ್ಟಿಯಿಂದ ಹೆಸರು ತೆಗೆಯಲು ಮರೆತರೆ, ಚೆನ್ನಾಗಿರುವ ಯಂತ್ರವೇ ಬಿಡಿಭಾಗವಾಗಿ ಹರಿದುಹೋಗುತ್ತದೆ: ಸ್ಕ್ರೀನ್ ಒಬ್ಬರಿಗೆ, ಕೀಬೋರ್ಡ್ ಇನ್ನೊಬ್ಬರಿಗೆ, ಬೋರ್ಡು ಗುಜರಿಗೆ. ಐಟಿ ವಿಭಾಗದವರು ಕೂತಲ್ಲೇ ಮಾಡಿ ಮುಗಿಸಬಹುದಾದ ಕೆಲಸಕ್ಕೆ ತೆರುವ ಈ ಬೆಲೆ ಹೆಚ್ಚಾಯಿತು.

ಗ್ರಾಹಕರು ಲಾಕ್ ಪೀಸ್ ಹಿಡಿದು ಬಂದರೆ ಒಳ್ಳೆಯ ಅಂಗಡಿಯಲ್ಲಿ ಕೇಳುವ ಮೊದಲ ಮಾತು “ಬಿಲ್ ಇದ್ಯಾ ಸಾರ್?” ಎಂದು. ಕದ್ದ ಮಾಲಿಗೆ ಕೈಹಾಕಿ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತುವುದು ಯಾರಿಗೆ ಬೇಕು?

ಲಾಕ್ ಬಿಟ್ಟ ಮೇಲಿನದು ಸಲೀಸು. ಫ್ಯಾನಿನ ಧೂಳು ತೆಗೆದು, ಪ್ರೊಸೆಸರಿಗೆ ಹೊಸ ಪೇಸ್ಟ್ ಬಳಿದು, ರ‍್ಯಾಮ್‌ನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಹಾರ್ಡ್‌ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಹಾಕುತ್ತಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳಲ್ಲಿ ಹೆಚ್ಚಿನವನ್ನು ಒಪ್ಪದು. ಅಂಥವಕ್ಕೆ ಲಿನಕ್ಸ್ ಮಿಂಟ್ ಹಾಕಿಸಿಕೊಂಡರೆ ಬರವಣಿಗೆ, ಬ್ರೌಸಿಂಗ್, ಆನ್‌ಲೈನ್ ಪಾಠಕ್ಕೆ ಧಾರಾಳ. ಅದರಲ್ಲಿ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯ ಮೂಲಕ ಕನ್ನಡದ ಕೆಜಿಪಿ ಕೀಲಿಮಣೆಯೂ ಸಿಗುವುದರಿಂದ ‘ನುಡಿ’ ತಂತ್ರಾಂಶಕ್ಕೆ ಒಗ್ಗಿದ ಬೆರಳಿಗೆ ಹೊಸ ಪಾಠ ಬೇಕಿಲ್ಲ.

ಕೊಳ್ಳುವವರು ಅಂಗಡಿಯಲ್ಲೇ ಯಂತ್ರವನ್ನು ರೀಸೆಟ್ ಮಾಡಿಸಿ, ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು, ಮೊದಲ ಸೆಟಪ್ ಪೂರ್ತಿ ಮುಗಿಯುವವರೆಗೆ ಕೂತು ನೋಡಬೇಕು. ಬಯಾಸ್ ಒಳಗೂ ಒಮ್ಮೆ ಹೋಗಿಬರಬೇಕು. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸುವಾಗ ತಳದ ಸ್ಟಿಕ್ಕರ್ ನೋಡಿ ಬರೆಸಬೇಡಿ. ರಿಪೇರಿಯಲ್ಲಿ ಮುಚ್ಚಳಗಳು ಅದಲುಬದಲಾಗಿರುತ್ತವೆ. ಬಯಾಸ್ ಪರದೆಯಲ್ಲಿ ಕಾಣುವ ನಂಬರನ್ನೇ ಬರೆಸಿಕೊಳ್ಳಿ.