ಮೂರು ಬೆರಳು, ಒಂದು ನೋಟ್‌ಬುಕ್

ಇನ್ನೂರು ಪುಟದ ಉದ್ದನೆಯ ನೋಟ್‌ಬುಕ್. ರಟ್ಟಿನ ಮೇಲೆ ಹೆಸರು ಬರೆಯುವ ಜಾಗ ಖಾಲಿ, ವಿಷಯ ಬರೆಯುವ ಕಡೆ ‘ಎರಂಗೆಲ್’. ಒಳಗೆ ಪುಟಕ್ಕೆ ಎರಡರಂತೆ ಕೈಯಲ್ಲಿ ಬಿಡಿಸಿದ ನಕ್ಷೆಗಳು: ಮೇಲೆ ದೊಡ್ಡ ದ್ವೀಪ, ಕೆಳಗೆ ಸಣ್ಣದು, ನಡುವೆ ಸೇತುವೆಗಳು. ನೀಲಿ ಪೆನ್ನಿನಲ್ಲಿ ಮೊದಲ ವೃತ್ತ, ಕೆಂಪು ಪೆನ್ನಿನಲ್ಲಿ ಕೊನೆಯ ವೃತ್ತ. ಪಕ್ಕದಲ್ಲಿ ತಾರೀಖು, ತಂಡ ಎಲ್ಲಿ ಸತ್ತಿತು, ಯಾಕೆ ಸತ್ತಿತು. ಮೈಸೂರಿನ ಅಶೋಕಪುರಂನ ಒಂದು ಅಡ್ಡರಸ್ತೆಯಲ್ಲಿ, ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಆ ಪುಟಗಳನ್ನು ತಿರುವಿ ಹಾಕಿದಾಗಿನಿಂದ ಬೇರೆ ಏನನ್ನು ಬರೆಯಲು ಕೂತರೂ ಮನಸ್ಸು ಅಲ್ಲಿಗೇ ಹೋಗುತ್ತದೆ.

ನೋಟ್‌ಬುಕ್ಕಿನ ಒಡೆಯನಿಗೆ ಇಪ್ಪತ್ತೆರಡು ವರ್ಷ. “ಹೆಸ್ರು ಹಾಕ್ಬೇಡಿ ಸಾರ್, ಗ್ಯಾರೇಜ್ ಓನರ್ ಪೇಪರ್ ಓದ್ತಾರೆ” ಎಂದ. ಬೈಕ್ ರಿಪೇರಿ ಅವನ ಕೆಲಸ. ರಾತ್ರಿ ಒಂಬತ್ತರ ಮೇಲೆ ಬಿಜಿಎಂಐ ಎಂಬ ಮೊಬೈಲ್ ಶೂಟರ್ ಆಟದ ತಂಡವೊಂದರ ಐಜಿಎಲ್, ಅಂದರೆ ಎಲ್ಲಿ ಇಳಿಯಬೇಕು, ಯಾವಾಗ ಓಡಬೇಕು, ಯಾರ ಜೊತೆ ಜಗಳ ತೆಗೆಯಬಾರದು ಎಂದು ಹೇಳುವವನು. ನಾನು ಹೋದಾಗ ಸ್ಕ್ರಿಮ್, ಅಂದರೆ ಅಭ್ಯಾಸ ಪಂದ್ಯ, ನಡೆಯುತ್ತಿತ್ತು. ಇಬ್ಬರು ಕಟ್ಟೆಯ ಮೇಲೆ, ಒಬ್ಬ ಮೆಟ್ಟಿಲ ಮೇಲೆ, ಇನ್ನೊಬ್ಬ ಬೇರೆ ಊರಿನಿಂದ ಇಯರ್‌ಫೋನಿನಲ್ಲಿ. “ಮನೆ ಹಿಂದೆ ಒಬ್ಬ, ಮನೆ ಹಿಂದೆ!” “ನಾಕ್ ಆದೆ ಮಗಾ, ರಿವೈವ್ ಕೊಡು.” “ಬ್ಯಾಡ, ಬಿಟ್ಟು ಓಡಿ, ಝೋನ್ ಬತ್ತಾದೆ.” ಕೊನೆಯ ಮಾತು ಇವನದು. ಬಿದ್ದ ಗೆಳೆಯನನ್ನು ಬಿಟ್ಟು ಮೂವರೂ ಓಡಿದರು. ನಾಲ್ಕನೇ ಸ್ಥಾನ ಬಂತು. ಆಟ ಮುಗಿದ ಮೇಲೆ, ಬಿದ್ದವನಿಗೆ ಯಾಕೆ ಬಿಟ್ಟೆವು ಎಂದು ಅವನು ಸಮಾಧಾನವಾಗಿ, ನಕ್ಷೆ ತೋರಿಸಿಕೊಂಡು ವಿವರಿಸಿದ. ಅಷ್ಟು ತಾಳ್ಮೆಯ ನಾಯಕತ್ವವನ್ನು ನಾನು ಈಚೆಗೆ ಎಲ್ಲೂ ಕಂಡಿರಲಿಲ್ಲ.

ಅವನ ಎಡಗೈ ತೋರುಬೆರಳಿನ ಮೇಲಿನ ಗೆಣ್ಣು ಮಡಚುವುದಿಲ್ಲ. ಗ್ಯಾರೇಜಿನಲ್ಲಿ ಚೈನು ಮತ್ತು ಸ್ಪ್ರಾಕೆಟ್ ನಡುವೆ ಸಿಕ್ಕಿಕೊಂಡ ಬೆರಳು ಅದು. ಊಟಕ್ಕೆ, ಸ್ಪ್ಯಾನರ್ ಹಿಡಿಯಲು ಅದರಿಂದ ಅಡ್ಡಿಯಿಲ್ಲ. ಆದರೆ ಮೊಬೈಲ್ ಶೂಟರ್ ಆಡುವವನಿಗೆ ಅದೇ ಬೆರಳು ಮುಖ್ಯ. ಸುಮ್ಮನೆ ಆಡುವವರು ಎರಡು ಹೆಬ್ಬೆಟ್ಟಿನಲ್ಲಿ ಆಡುತ್ತಾರೆ: ಎಡಗಡೆಯದು ನಡೆಯಲು, ಬಲಗಡೆಯದು ನೋಡಲು ಮತ್ತು ಗುಂಡು ಹಾರಿಸಲು. ತೊಂದರೆಯೆಂದರೆ ಗುಂಡು ಹಾರಿಸುವ ಹೆಬ್ಬೆಟ್ಟು ಅದೇ ಹೊತ್ತಿಗೆ ಗುರಿಯನ್ನು ಸಲೀಸಾಗಿ ತಿರುಗಿಸಲಾರದು. ಹಾಗಾಗಿ ಸ್ಪರ್ಧೆಗೆ ಇಳಿಯುವವರು ತೋರುಬೆರಳುಗಳನ್ನು ಉಗುರು ಕೆಳಗಾಗುವಂತೆ ಬಾಗಿಸಿ ಪರದೆಯ ಮೇಲಂಚಿಗೆ ತರುತ್ತಾರೆ. ಎಡ ತೋರುಬೆರಳು ಗುಂಡಿಗೆ, ಬಲದ್ದು ಸ್ಕೋಪಿಗೆ. ಇದನ್ನು ನಾಲ್ಕು ಬೆರಳಿನ ಕ್ಲಾ ಎನ್ನುತ್ತಾರೆ. ಯಾವ ಗುಂಡಿ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು ಎಂಬ ಲೇಔಟನ್ನು ಪ್ರತಿಯೊಬ್ಬ ಆಟಗಾರನೂ ತನ್ನ ಕೈಗೆ ತಕ್ಕಂತೆ ಕಟ್ಟಿಕೊಳ್ಳುತ್ತಾನೆ. ಅದಕ್ಕೊಂದು ಕೋಡ್ ಇದ್ದು, ಗೆಳೆಯರು ಹಂಚಿಕೊಳ್ಳಬಹುದು. ಬೆವರಿಗೆ ಬೆರಳು ಅಂಟದಂತೆ ತೆಳ್ಳನೆಯ ಬೆರಳುಚೀಲಗಳೂ ಮಾರಾಟಕ್ಕಿವೆ.

ಗೆಣ್ಣು ನಿಂತುಹೋದ ಮೇಲೆ ಇವನು ಮೂರು ಬೆರಳಿಗೆ ಇಳಿದ. ಹೋದ ಬೆರಳಿನ ಕೆಲಸವನ್ನು ಜೈರೊಗೆ ಕೊಟ್ಟ. ಫೋನಿನೊಳಗೆ ವಾಲುವಿಕೆಯನ್ನು ಅಳೆಯುವ ಪುಟ್ಟ ಜೈರೊಸ್ಕೋಪ್ ಇರುತ್ತದಲ್ಲ, ಅದನ್ನು ಆನ್ ಮಾಡಿದರೆ ಫೋನನ್ನು ಕೊಂಚ ಮುಂದಕ್ಕೆ ಬಾಗಿಸಿದಾಗ ಬಂದೂಕಿನ ಮೂತಿ ಇಳಿಯುತ್ತದೆ. ಗುಂಡು ಹಾರಿದಂತೆಲ್ಲ ಮೂತಿ ಮೇಲೇಳುವ ರಿಕಾಯಿಲನ್ನು ಬೆರಳಿನ ಬದಲು ಮಣಿಕಟ್ಟೇ ಹಿಡಿದಿಡುತ್ತದೆ. ಕೇಳಲು ಸಲೀಸು. ಆದರೆ ಕೈಗೆ ಕೂತಿದ್ದ ಅಭ್ಯಾಸವನ್ನು ಅಳಿಸಿ ಇನ್ನೊಂದನ್ನು ಕೂರಿಸಬೇಕು. ಆ ತಿಂಗಳುಗಳಲ್ಲಿ ತಂಡ ಅವನ ಜಾಗಕ್ಕೆ ಬೇರೆಯವನನ್ನು ತೆಗೆದುಕೊಂಡಿತು. ಮನೆಯಲ್ಲಿ ಅಪ್ಪನಿಗೆ ಹುಷಾರಿರಲಿಲ್ಲ. ಅವ್ವ ನನ್ನನ್ನು ನೇರವಾಗಿ ಕೇಳಿದರು: “ಅದ್ರಲ್ಲಿ ತಿಂಗ್ಳಾ ತಿಂಗ್ಳಾ ಸಂಬ್ಳ ಕೊಡ್ತಾರಾ ಸ್ವಾಮಿ?” ದೊಡ್ಡ ಸಂಸ್ಥೆಗಳ ತಂಡಗಳಲ್ಲಿ ಕೊಡುತ್ತಾರಮ್ಮ, ಆದರೆ ಅಲ್ಲಿಗೆ ಮುಟ್ಟುವವರು ಬಹಳ ಕಡಿಮೆ ಎಂದೆ. ಅವರು ತಲೆಯಾಡಿಸಿ ಒಳಗೆ ಹೋಗಿ ಟೀ ತಂದರು.

ಬೆರಳಿನ ಮಾತು ಬಂದಾಗ ಈ ಆಟಗಳ ಲೋಕದಲ್ಲಿ ನೆನಪಾಗುವವರು ಒಬ್ಬಿಬ್ಬರಲ್ಲ. ಲೀಗ್ ಆಫ್ ಲೆಜೆಂಡ್ಸ್‌ನ ಕೊರಿಯಾದ ಫೇಕರ್ 2023ರ ಜುಲೈಯಲ್ಲಿ ಕೈನೋವಿನಿಂದ ಹೊರಗುಳಿದು, ಮರಳಿ ಬಂದು, ಅದೇ ನವೆಂಬರಿನಲ್ಲಿ ಸೋಲ್‌ನಲ್ಲಿ ವಿಶ್ವ ಕಿರೀಟ ಗೆದ್ದ. ಅದೇ ಆಟದ ಚೀನಾದ ಉಜಿ 2020ರಲ್ಲಿ 23ನೇ ವಯಸ್ಸಿಗೇ ಮಧುಮೇಹ, ಕೈನೋವು ಎಂದು ನಿವೃತ್ತಿ ಘೋಷಿಸಿದ. ಅವರೆಲ್ಲರಿಗಿಂತ ನನ್ನನ್ನು ಹಿಡಿದಿಟ್ಟವನು ಅಮೆರಿಕದ ಟೆಕ್ಸಸ್‌ನ ಮೈಕ್ ಬೇಗಮ್. ಆಟದ ಹೆಸರು ಬ್ರೋಲಿಲೆಗ್ಸ್. ಹುಟ್ಟಿನಿಂದಲೇ ಕೀಲುಗಳು ಬಿಗಿದುಕೊಳ್ಳುವ ಆರ್ತ್ರೋಗ್ರೈಪೋಸಿಸ್, ಕೈಕಾಲು ಆಡುತ್ತಿರಲಿಲ್ಲ. ಎಲ್ಲರೂ ಬಳಸುವ ಮಾಮೂಲಿ ಕಂಟ್ರೋಲರನ್ನೇ ಮುಖಕ್ಕೆ ಒತ್ತಿಕೊಂಡು, ನಾಲಗೆ, ತುಟಿ, ಕೆನ್ನೆಯಿಂದ ಸ್ಟ್ರೀಟ್ ಫೈಟರ್ ಆಡುತ್ತಿದ್ದ. ಆನ್‌ಲೈನ್ ಪಟ್ಟಿಯಲ್ಲಿ ಚುನ್-ಲೀ ಪಾತ್ರದ ಅತ್ಯುತ್ತಮ ಆಟಗಾರರ ಸಾಲಿಗೆ ಬಂದಿದ್ದ. 2023ರ ಮಾರ್ಚ್‌ನಲ್ಲಿ ತೀರಿಕೊಂಡ. ಅವನ ವೀಡಿಯೊವನ್ನು ಕಟ್ಟೆಯ ಮೇಲೆ ಕೂತೇ ಹುಡುಗರಿಗೆ ತೋರಿಸಿದೆ. ಯಾರೂ ಅಯ್ಯೋ ಪಾಪ ಎನ್ನಲಿಲ್ಲ. ಇವನು ಮುಂದೆ ಬಾಗಿ ನೋಡಿ, ಒದೆಯುವ ಗುಂಡಿಯನ್ನು ಅವನು ಯಾವುದರಿಂದ ಒತ್ತುತ್ತಾನೆ ಎಂದು ಕೇಳಿದ. ಕಸುಬುದಾರ ಕಸುಬುದಾರನನ್ನು ನೋಡುವುದು ಹೀಗೆ.

ಮತ್ತೆ ನೋಟ್‌ಬುಕ್ಕಿಗೆ ಬರುತ್ತೇನೆ. ಅದು ಶುರುವಾದದ್ದು ಆಟ ಇಲ್ಲದ ಕಾಲದಲ್ಲಿ. ಇತಿಹಾಸ ಓದುಗರಿಗೆ ಗೊತ್ತಿರುವಂಥದ್ದೇ: 2020ರ ಸೆಪ್ಟೆಂಬರ್ 2ರಂದು ಒಟ್ಟು 118 ಆ್ಯಪ್‌ಗಳಲ್ಲಿ ಒಂದಾಗಿ ಪಬ್‌ಜಿ ಮೊಬೈಲ್ ನಿಷೇಧ, 2021ರ ಜುಲೈ 2ರಂದು ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ವಾಪಸ್, 2022ರ ಜೂನ್-ಜುಲೈಯಲ್ಲಿ ಸ್ಟಾರ್ ಸ್ಪೋರ್ಟ್ಸ್‌ನಲ್ಲಿ ಕ್ರಿಕೆಟ್ಟಿನಂತೆ ನೇರ ಪ್ರಸಾರದ ಟೂರ್ನಿ, ಜುಲೈ 28ಕ್ಕೆ ಆ್ಯಪ್ ಮತ್ತೆ ಮಾಯ. 2023ರ ಮೇನಲ್ಲಿ ಮೂರು ತಿಂಗಳ ಪರೀಕ್ಷೆಯ ಷರತ್ತಿನ ಮೇಲೆ ಮರಳಿತು. ಆಗ 18 ತುಂಬದವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆಯ ಮಿತಿ. ನಡುವಿನ ಸುಮಾರು ಹತ್ತು ತಿಂಗಳು ಭಾರತದ ಆಟಗಾರರಿಗೆ ಅಂಗಳವೇ ಇರಲಿಲ್ಲ. ಇನ್ನೊಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾರೆ. ಕರ್ನಾಟಕ ಸರ್ಕಾರ 2021ರ ಅಕ್ಟೋಬರಿನಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. ಕೌಶಲದ ಆಟವೂ ಅದರ ಬಲೆಗೆ ಬೀಳುತ್ತಿತ್ತು. ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ನಮ್ಮ ಹೈಕೋರ್ಟ್ ರದ್ದುಪಡಿಸಿದ್ದು 2022ರ ಫೆಬ್ರುವರಿ 14ರಂದು. ಇನ್ನೂ 54 ಆ್ಯಪ್‌ಗಳನ್ನು ದೆಹಲಿ ನಿಷೇಧಿಸಿದ ಸುದ್ದಿ ಬಂದದ್ದೂ ಅದೇ ದಿನ, ಅದರಲ್ಲಿ ಫ್ರೀ ಫೈರ್ ಕೂಡ ಇತ್ತು. ಬೆಂಗಳೂರಿನಲ್ಲಿ ಬಾಗಿಲು ತೆರೆದ ದಿನವೇ ದೆಹಲಿಯಲ್ಲಿ ಇನ್ನೊಂದು ಮುಚ್ಚಿತು. ಗ್ಯಾರೇಜಿನಲ್ಲಿ ದುಡಿದು ಒಂದೇ ಆಟವನ್ನು ನೆಚ್ಚಿಕೊಂಡ ಹುಡುಗನಿಗೆ ಆಟವೇ ನಿಷೇಧವಾಗುವುದಕ್ಕಿಂತ ದೊಡ್ಡ ಪೆಟ್ಟು ಯಾವ ಗಾಯವೂ ಕೊಡಲಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆರಳಿಗೆ ಬದಲಿ ದಾರಿ ಕಂಡುಕೊಳ್ಳಬಹುದು, ಇಲ್ಲದ ಆಟಕ್ಕೆ ಏನು ಮಾಡುವುದು?

ಇವನು ಮಾಡಿದ್ದು, ವಿದೇಶದ ಟೂರ್ನಿಗಳನ್ನು ಯೂಟ್ಯೂಬಿನಲ್ಲಿ ನೋಡುತ್ತಾ ವೃತ್ತಗಳನ್ನು ಬಿಡಿಸಿದ್ದು. ಆಡಿದವರಿಗೆ ಗೊತ್ತು: ಆಟದ ನೆಲವಾದ ಎರಂಗೆಲ್ ಎಂಟು ಕಿಲೋಮೀಟರ್ ಉದ್ದ, ಎಂಟು ಅಗಲ, ವೃತ್ತ ಕುಗ್ಗುತ್ತಾ ಹೋಗುತ್ತದೆ, ಹೊರಗುಳಿದವರು ಸಾಯುತ್ತಾರೆ. ಅದು ಯಾವ ಕಡೆಗೆ ಕುಗ್ಗುತ್ತದೆ ಎಂಬುದೇ ಎಲ್ಲ ತಂಡಗಳ ತಲೆನೋವು. ಅಲ್ಲಿನ ಪೊಚಿಂಕಿ ಎಂಬ ಊರಿನ ಸುತ್ತ ಬಿದ್ದ ವೃತ್ತಗಳಿಗೆ ಅವನು ಒಂದು ಗುರುತು ಹಾಕಿದ್ದಾನೆ, ಜಾರ್ಜೊಪೋಲ್ ಕಡೆಯವಕ್ಕೆ ಇನ್ನೊಂದು. ದಕ್ಷಿಣದ ಮಿಲಿಟರಿ ಬೇಸ್ ದ್ವೀಪಕ್ಕೆ ವೃತ್ತ ಹೋದಾಗ ಯಾವ ತಂಡ ಸೇತುವೆ ಹಿಡಿಯಿತು, ಯಾವುದು ದೋಣಿಯಲ್ಲಿ ದಾಟಿತು, ಯಾರು ಬದುಕಿದರು ಎಂಬುದಕ್ಕೆ ಬೇರೆಯೇ ಪುಟಗಳಿವೆ. ಒಂದು ಪುಟದಲ್ಲಿ ‘ನೀರು ಬಂದ್ರೆ ಬೇಗ ಹೊರಡು’ ಎಂದು ಬರೆದು ಎರಡು ಗೆರೆ ಎಳೆದಿದ್ದಾನೆ. ಈ ಪುಟಗಳ ಮೇಲೆ ನಾನು ಕಳೆದಷ್ಟು ಹೊತ್ತು ಅವನಿಗೇ ಆಶ್ಚರ್ಯ ಹುಟ್ಟಿಸಿತು. ನನಗಂತೂ ಅದರಲ್ಲಿ ಒಬ್ಬ ಸರ್ವೇಯರ್ ಕಂಡ, ಒಬ್ಬ ಮೇಷ್ಟ್ರು ಕಂಡ.

ಬೆರಳು ಹೋದ ಮೇಲೆ ಅವನನ್ನು ತಂಡಕ್ಕೆ ಮರಳಿ ಕರೆತಂದದ್ದೂ ಈ ನೋಟ್‌ಬುಕ್ಕೇ. ಅಂಕಗಳ ಲೆಕ್ಕ ಹೀಗಿದೆ: ಪಂದ್ಯಕ್ಕೆ 16 ತಂಡ, 64 ಜನ. ಕೊನೆಯವರೆಗೆ ಉಳಿದ ತಂಡಕ್ಕೆ 10, ಎರಡನೆಯದಕ್ಕೆ 6, ಮೂರನೆಯದಕ್ಕೆ 5, ನಾಲ್ಕನೆಯದಕ್ಕೆ 4, ಹೀಗೆ ಎಂಟನೆಯವರೆಗೆ ಇಳಿಯುತ್ತದೆ; ಹೊಡೆದ ಪ್ರತಿ ಎದುರಾಳಿಗೆ 1. ಬಂದೂಕಿನ ಕೈ ನಿಧಾನವಾದವನು ತಂಡವನ್ನು ಒಳ್ಳೆಯ ಜಾಗದಲ್ಲಿ ಜೀವಂತ ಇಟ್ಟರೆ ಸಾಕು, ಅಂಕ ಬರುತ್ತದೆ. ಮೊದಲು ಗುರಿಕಾರನಾಗಿದ್ದವನು ದಾರಿ ತೋರುವವನಾದ.

ಇಂಥ ಮರಳುವಿಕೆಗಳಲ್ಲಿ ಜಪಾನಿನ ದೈಗೊ ಉಮೆಹಾರನದು ದೊಡ್ಡ ಕಥೆ. ಹೊಡೆದಾಟದ ಆಟಗಳಿಗೆಂದೇ ನಡೆಯುವ ಇವೊ ಟೂರ್ನಿಯಲ್ಲಿ, 2004ರಲ್ಲಿ, ಇನ್ನೊಂದು ಪೆಟ್ಟು ಬಿದ್ದರೆ ಮುಗಿಯಿತು ಎಂಬ ಸ್ಥಿತಿಯಲ್ಲಿ, ಜಸ್ಟಿನ್ ವಾಂಗ್‌ನ ಚುನ್-ಲೀ ಬೀಸಿದ ಒದೆತಗಳ ಇಡೀ ಸರಣಿಯನ್ನು ಒಂದೊಂದಾಗಿ ತಡೆದು ಗೆದ್ದ ಅವನ ವೀಡಿಯೊ ನೋಡದ ಗೇಮರ್ ಇಲ್ಲ. ಆ ಟೂರ್ನಿಯ ಫೈನಲ್‌ನಲ್ಲಿ ಅವನು ಸೋತ ಎಂಬುದು ಎಷ್ಟು ಜನಕ್ಕೆ ನೆನಪಿದೆ? ಆಮೇಲೆ ಆಟ ಬಿಟ್ಟು ಮಾಜಾಂಗ್ ಆಡಿದ, ಅದನ್ನೂ ಬಿಟ್ಟು ವೃದ್ಧರ ಆರೈಕೆಯ ಕೆಲಸಕ್ಕೆ ಸೇರಿದ. ಸ್ಟ್ರೀಟ್ ಫೈಟರ್ 4 ಬಂದಾಗ ಮರಳಿ 2009, 2010 ಎರಡೂ ವರ್ಷ ಇವೊ ಗೆದ್ದ. ಇನ್ನೊಂದು ಬಗೆಯ ಕಥೆ ಲಾಹೋರಿನ ಅರ್ಸ್‌ಲಾನ್ ಆ್ಯಶ್‌ನದು. ಅವನು 2019ರ ಫೆಬ್ರುವರಿಯಲ್ಲಿ ಜಪಾನಿಗೆ ಹೋಗುವಾಗ ದಾರಿಯಲ್ಲಿ ಪಾಕಿಸ್ತಾನಿ ರೂಪಾಯಿಯನ್ನು ಬದಲಿಸಿ ಕೊಡುವವರೇ ಇರಲಿಲ್ಲ. ಆದರೂ ಟೆಕ್ಕನ್ ಕಿರೀಟ ಗೆದ್ದ. ಅದೇ ಆಗಸ್ಟಿನಲ್ಲಿ ಲಾಸ್ ವೇಗಸ್‌ನ ಇವೊದಲ್ಲಿ ಕೊರಿಯಾದ ದಿಗ್ಗಜ ನೀ ಎಂಬವನನ್ನು ಫೈನಲ್‌ನಲ್ಲಿ ಸೋಲಿಸಿದ. ಗೆದ್ದವನು ತನ್ನನ್ನು ಹೊಗಳಿಕೊಳ್ಳಲಿಲ್ಲ. ನಮ್ಮ ದೇಶದಲ್ಲಿ ನನ್ನಷ್ಟೇ ಚೆನ್ನಾಗಿ ಆಡುವವರು ಇನ್ನೂ ಇದ್ದಾರೆ ಎಂದ.

ಆ ಮಾತೇ ನನಗೆ ಮುಖ್ಯ. ಲಾಹೋರಿನಲ್ಲಿ ಆರ್ಕೇಡ್‌ಗಳಿದ್ದವು. ಟೋಕನ್ ಹಾಕಿ, ಅಕ್ಕಪಕ್ಕ ನಿಂತು, ಸೋತವನು ಜಾಗ ಬಿಟ್ಟು ಹಿಂದೆ ನಿಂತು ನೋಡುವ ಜಾಗಗಳು. ದೈಗೊ ಬೆಳೆದದ್ದೂ ಅಂಥ ಕಡೆಯೇ. ಕೊರಿಯಾದಲ್ಲಿ 1990ರ ದಶಕದ ಕೊನೆಯಿಂದ ಪಿ.ಸಿ. ಬಾಂಗ್‌ಗಳು ಆ ಕೆಲಸ ಮಾಡಿದವು. ಒಮ್ಮೆ ಹೊರಬಿದ್ದವನು ಮರಳಲು ಇಂಥ ಜಾಗ ಬೇಕು. ಮೈಸೂರಿಗೆ ಇದು ಹೊಸತಲ್ಲ. ನಮ್ಮ ಹಳೆಯ ಮೊಹಲ್ಲಾಗಳ ಗರಡಿಮನೆಗಳಲ್ಲಿ ಭುಜ ಕಳಚಿಕೊಂಡ ಪೈಲ್ವಾನನೂ ಬಂದು ಕೂರುತ್ತಾನೆ; ಉಸ್ತಾದನಾಗಿ ಕಿರಿಯರಿಗೆ ಪಟ್ಟು ಹೇಳಿಕೊಡುತ್ತಾನೆ. ಸೈಬರ್ ಸೆಂಟರ್‌ಗಳಲ್ಲಿ ಗಂಟೆ ಲೆಕ್ಕದಲ್ಲಿ ಕೌಂಟರ್ ಸ್ಟ್ರೈಕ್ ಆಡುತ್ತಿದ್ದ ಕಾಲದಲ್ಲೂ ಅದರ ನೆರಳಿತ್ತು. ಮೊಬೈಲ್ ಎಲ್ಲರನ್ನೂ ಆಟಕ್ಕೆ ಕರೆತಂದಿತು, ನಿಜ. ಬಡವನ ಮನೆಯ ಹುಡುಗನಿಗೂ ಅಂಗಳ ಕೊಟ್ಟಿತು, ಅದೂ ನಿಜ. ಆದರೆ ಕೂಡಿ ಕೂರುವ ಮನೆಯನ್ನು ತೆಗೆದುಬಿಟ್ಟಿತು. ಸೋತವನು ಫೋನ್ ಆಫ್ ಮಾಡಿದರೆ ಅವನು ಎಲ್ಲಿಗೆ ಹೋದ ಎಂದು ಕೇಳುವವರಿಲ್ಲ.

ಅಶೋಕಪುರಂನಲ್ಲಿ ಆ ಮನೆ ಕಟ್ಟುವ ಶಕ್ತಿ ಇದೆ ಎಂದು ನಂಬುತ್ತೇನೆ. ಹಿರಿಯರು ಇನ್ನೂ ಆದಿಕರ್ನಾಟಕಪುರ ಎಂದು ನೆನೆಯುವ ಈ ದಲಿತ ಬಡಾವಣೆ ರೈಲ್ವೆ ವರ್ಕ್‌ಶಾಪಿನ ನೆರೆಯಲ್ಲಿ ಬೆಳೆದದ್ದು. ಏಪ್ರಿಲ್ 14 ಬಂದರೆ ಇಲ್ಲಿನ ಪ್ರತಿ ಬೀದಿಯೂ ತಾನೇ ಹಣ ಕೂಡಿಸಿ ಅಂಬೇಡ್ಕರ್ ಜಯಂತಿ ಮಾಡುತ್ತದೆ. ಬೇಕಾದದ್ದು ಇಷ್ಟೇ: ಒಂದು ಕೋಣೆ, ಒಳ್ಳೆಯ ವೈಫೈ, ಬಿಸಿಯಾಗದ ನಾಲ್ಕು ಫೋನು, ಗೋಡೆಯ ಮೇಲೊಂದು ನಕ್ಷೆ. ಓದಿನ ಹೊತ್ತಿಗೆ ಬೀಗ.

ಕೋಟಿ ಬಹುಮಾನದ ಶೀರ್ಷಿಕೆಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. 2021ರ ಬಿಜಿಎಂಐ ಸೀರೀಸ್‌ನ ಒಟ್ಟು ಬಹುಮಾನ 1 ಕೋಟಿ ರೂಪಾಯಿ, ಗೆದ್ದ ಸ್ಕೈಲೈಟ್ಜ್ ತಂಡಕ್ಕೆ 50 ಲಕ್ಷ. ಅಂಥ ಮೊತ್ತ ತಂಡದಲ್ಲಿ ಹಂಚಿಹೋಗುತ್ತದೆ, ಉಳಿದ ಸಾವಿರಾರು ತಂಡಗಳಿಗೆ ಏನೂ ಸಿಗುವುದಿಲ್ಲ. ಆದರೆ ನೆಲ ಮೊದಲಿಗಿಂತ ಗಟ್ಟಿಯಾಗಿದೆ ಎಂಬುದು ಸುಳ್ಳಲ್ಲ. 2018ರ ಏಷ್ಯನ್ ಗೇಮ್ಸ್ ಪ್ರದರ್ಶನ ಸ್ಪರ್ಧೆಯಲ್ಲಿ ತೀರ್ಥ್ ಮೆಹ್ತಾ ಕಂಚು ತಂದರು; 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್‌ನಲ್ಲಿ ನಮ್ಮ ಡೋಟಾ 2 ತಂಡಕ್ಕೂ ಕಂಚು. ಅದೇ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸನ್ನು ಕ್ರೀಡಾ ಸಚಿವಾಲಯದ ಅಡಿಗೆ ತಂದಿತು. 2025ರ ಆಗಸ್ಟ್‌ನ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಹೂಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನು ಬೇರೆಯಾಗಿಯೇ ನಿಲ್ಲಿಸಿತು. ಪ್ರವೇಶ ಶುಲ್ಕ, ಬಹುಮಾನ ಇರಬಹುದು, ಬಾಜಿ ಕೂಡದು. ರಮ್ಮಿ ಆ್ಯಪ್‌ಗಳಲ್ಲಿ ಸಂಬಳ ಕಳೆದುಕೊಂಡವರನ್ನು ಕಂಡಿರುವ ನನಗೆ ಈ ಗೆರೆ ಸರಿಯಾದದ್ದೆಂದೇ ತೋರುತ್ತದೆ. 2026ರ ಐಚಿ-ನಾಗೋಯಾ ಏಷ್ಯನ್ ಗೇಮ್ಸ್ ಪಟ್ಟಿಯಲ್ಲಿ ಪಬ್‌ಜಿ ಮೊಬೈಲ್ ಸೇರಿರುವುದನ್ನು ಕಟ್ಟೆಯ ಹುಡುಗರು ನನಗಿಂತ ಮೊದಲೇ ತಿಳಿದಿದ್ದರು.

ಮುಂದಿನ ಕ್ವಾಲಿಫೈಯರ್‌ಗೆ ಅವರಿಗೆ ನಾಲ್ಕನೆಯವನು ಬೇಕು. ಇಯರ್‌ಫೋನಿನಲ್ಲಿದ್ದವನಿಗೆ ಬೆಂಗಳೂರಿನಲ್ಲಿ ರಾತ್ರಿ ಪಾಳಿ ಶುರುವಾಗಲಿದೆ. ಪಕ್ಕದ ಬೀದಿಯಲ್ಲಿ ದ್ವಿತೀಯ ಪಿಯುಸಿಯ ಒಬ್ಬ ಇದ್ದಾನಂತೆ. ಗುರಿ ಅಷ್ಟಕ್ಕಷ್ಟೇ, ಆದರೆ ಹೇಳಿದ ಕಡೆ ನಿಲ್ಲುತ್ತಾನೆ. “ಪರೀಕ್ಷೆ ಮುಗೀಲಿ ಸಾರ್, ಅವರವ್ವನ್ನ ನಾನೇ ಹೋಗಿ ಕೇಳ್ತೀನಿ” ಎಂದ ನೋಟ್‌ಬುಕ್ಕಿನ ಹುಡುಗ. ಅಲ್ಲಿಯವರೆಗೆ ಸ್ಕ್ರಿಮ್‌ಗೆ ಮೂವರೇ ಇಳಿಯುತ್ತಾರೆ.